ಗೂಗಲ್‌ನಲ್ಲಿ ಕಾಣೋ ಹಾಗೆ ಕನ್ನಡ ವೆಬ್‌ಸೈಟ್ ಮಾಡೋದು ಹೇಗೆ: ಒಂದು ನರ್ಸರಿ ಸೈಟ್ ಇಟ್ಕೊಂಡು ಹೇಳ್ತೀನಿ

ವೆಬ್‌ಸೈಟ್ ಮಾಡಿಸ್ಬೇಕು ಅಂತ ಬರೋರು ಮೊದ್ಲು ಕೇಳೋದೇ ಕಲರ್ ಯಾವ್ದಿರತ್ತೆ, ಮೇಲ್ಗಡೆ ಫೋಟೋ ಸ್ಲೈಡ್ ಆಗತ್ತಾ, ವಾಟ್ಸಾಪ್ ಬಟನ್ ಹಾಕ್ತೀರಾ ಅಂತ. ಎಲ್ಲಾ ಮುಗ್ದು ಸೈಟ್ ಲೈವ್ ಆಗಿ ಸ್ವಲ್ಪ ದಿನ ಆದ್ಮೇಲೆ ಫೋನ್ ಬರತ್ತೆ, "ಅಲ್ಲ ಸರ್, ಗೂಗಲ್‌ನಲ್ಲಿ ಹುಡುಕಿದ್ರೆ ನಮ್ದು ಬರ್ತಾನೇ ಇಲ್ವಲ್ಲ". ಆಗ ಎಸ್‌ಇಒ (ಸರ್ಚ್‌ನಲ್ಲಿ ಸೈಟ್ ಮೇಲೆ ಬರೋ ಹಾಗೆ ಮಾಡೋ ಕೆಲ್ಸ) ಮಾಡ್ಕೊಡಿ ಅಂತಾರೆ, ಎಸ್‌ಇಒ ಅಂದ್ರೆ ಬೆಳೆ ಎಲ್ಲಾ ಬಂದ್ಮೇಲೆ ಮೇಲಿಂದ ಸಿಂಪಡಿಸೋ ಔಷಧಿ ಅನ್ನೋ ಹಾಗೆ. ನಿಜ ಹೇಳ್ಬೇಕಂದ್ರೆ ಸರ್ಚ್‌ನಲ್ಲಿ ಮೇಲೆ ಬರೋದಕ್ಕೆ ಬೇಕಾದ್ದು ಮುಕ್ಕಾಲು ಪಾಲು ಡಿಸೈನ್ ಮಾಡುವಾಗ್ಲೇ ತೀರ್ಮಾನ ಆಗಿ ಹೋಗಿರತ್ತೆ, ಅದ್ರಲ್ಲೂ ಕನ್ನಡ ಸೈಟ್ ಆದ್ರೆ ಇಂಗ್ಲಿಷ್ ಗೈಡ್‌ಗಳಲ್ಲಿ ಎಲ್ಲೂ ಬರೀದೇ ಇರೋ ನಾಲ್ಕೈದು ತಾಪತ್ರಯ ಬೇರೆ ಇವೆ.

ಸುಮ್ನೆ ಗಾಳಿಲಿ ಹೇಳಿದ್ರೆ ತಲೆಗೆ ಹೋಗಲ್ಲ, ಅದಕ್ಕೆ ಸಾಗರದ ಹತ್ರ ಒಂದು ನರ್ಸರಿ ಇದೆ ಅಂತ ಇಟ್ಕೊಳ್ಳಿ. ಅಡಿಕೆ ಸಸಿ, ಕಾಳುಮೆಣಸಿನ ಬಳ್ಳಿ, ಒಂದಿಷ್ಟು ಅಪ್ಪೆಮಿಡಿ ಕಸಿ ಗಿಡ ಮಾರ್ತಾರೆ. ಗಿರಾಕಿ ಅಂದ್ರೆ ಸುತ್ತಮುತ್ಲಿನ ತೋಟದೋರು, ಹುಡುಕೋದು ಮೊಬೈಲ್‌ನಲ್ಲಿ, ಎಷ್ಟೋ ಸಲ ಟೈಪ್ ಕೂಡ ಮಾಡಲ್ಲ, ಮೈಕ್ ಒತ್ತಿ ಬಾಯಲ್ಲೇ ಕೇಳ್ತಾರೆ.

ಮೊದಲನೇ ಕೆಲ್ಸ: ಸೈಟ್‌ನಲ್ಲಿರೋ ಅಕ್ಷರ ನಿಜವಾಗ್ಲೂ ಅಕ್ಷರನಾ ಅಂತ ನೋಡಿ. ನಗಬೇಡಿ. ನಮ್ಮೂರಿನ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಬ್ರೋಷರ್ ಮಾಡೋದು ಹಳೇ ನುಡಿ ಫಾಂಟ್‌ನಲ್ಲಿ, ಯಾಕಂದ್ರೆ ಪೇಜ್‌ಮೇಕರ್, ಹಳೇ ಫೋಟೋಶಾಪ್‌ಗೆ ಯೂನಿಕೋಡ್ (ಎಲ್ಲಾ ಕಂಪ್ಯೂಟರ್, ಫೋನ್‌ಗೂ ಒಂದೇ ಆಗಿರೋ ಅಕ್ಷರಸಂಕೇತ) ಕನ್ನಡ ಸರಿಯಾಗಿ ಕೂರಲ್ಲ. ಆ ಹಳೇ ಫಾಂಟ್‌ನಲ್ಲಿ ಕನ್ನಡ ಅಂತ ಕಾಣೋದು ಒಳಗಡೆ ಕನ್ನಡವೇ ಅಲ್ಲ, ಇಂಗ್ಲಿಷ್ ಪಿ, ತಲೆ ಮೇಲೆ ಗೆರೆ ಇರೋ ಎ, ಪೌಂಡ್ ಚಿಹ್ನೆ, ಹಿಂಗಿರತ್ತೆ. ಫಾಂಟ್ ಮುಖವಾಡ ಹಾಕಿರೋದ್ರಿಂದ ನಮ್ ಕಣ್ಣಿಗೆ ಕನ್ನಡ. ಗೂಗಲ್‌ಗೆ ಆ ಮುಖವಾಡ ಕಾಣಲ್ಲ, ಅದಕ್ಕೆ ಸಿಗೋದು ಪಿ ಮತ್ತೆ ಪೌಂಡ್. ಅದೇ ಪಠ್ಯನ ಪಿಡಿಎಫ್ ಮಾಡಿ ಸೈಟ್‌ಗೆ ಏರಿಸಿದ್ರೆ, ಅಥವಾ ಬ್ರೋಷರ್‌ನ ಜೆಪೆಗ್ ಮಾಡಿ ಮುಖಪುಟಕ್ಕೆ ಅಂಟಿಸಿದ್ರೆ, ಸರ್ಚ್ ಇಂಜಿನ್ ಪಾಲಿಗೆ ಆ ಪೇಜ್ ಹೆಚ್ಚುಕಡಿಮೆ ಖಾಲಿ. ಚೆಕ್ ಮಾಡೋದು ಸುಲಭ, ಸೈಟ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಪೇಸ್ಟ್ ಮಾಡಿ. ಕನ್ನಡ ಬಂದ್ರೆ ಸರಿ, ವಿಚಿತ್ರ ಚಿಹ್ನೆ ಬಂದ್ರೆ ಅಥವಾ ಕಾಪಿನೇ ಆಗ್ಲಿಲ್ಲ ಅಂದ್ರೆ ಮೊದ್ಲು ಅದನ್ನ ಸರಿ ಮಾಡಿ, ಈ ಗೈಡ್‌ನಲ್ಲಿ ಬೇರೇನೂ ಓದೋ ಅಗತ್ಯ ಇಲ್ಲ ಸದ್ಯಕ್ಕೆ. ಹಳೇ ಫೈಲ್‌ಗಳನ್ನ ಯೂನಿಕೋಡ್‌ಗೆ ಬದಲಾಯಿಸೋ ಕನ್ವರ್ಟರ್‌ಗಳು ಬೇಕಾದಷ್ಟಿವೆ, ಆದ್ರೆ ಬದಲಾಯಿಸಿದ್ಮೇಲೆ ಕೂತು ಓದ್ಬೇಕು, ಒತ್ತಕ್ಷರ ಅಲ್ಲಲ್ಲಿ ಕಾಲು ಮುರ್ಕೊಂಡಿರತ್ತೆ.

ಇದಕ್ಕಿಂತ ಸೂಕ್ಷ್ಮದ್ದು ಇನ್ನೊಂದಿದೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಇವೆರಡು ಪದ ನೋಡಿ: ಅಂಗಡಿ, ಅ೦ಗಡಿ. ಒಂದೇ ಥರ ಕಾಣ್ತಾವಾ? ಮೊದಲನೇದ್ರಲ್ಲಿರೋದು ಅನುಸ್ವಾರ, ಎರಡನೇದ್ರಲ್ಲಿ ಇರೋದು ಕನ್ನಡ ಅಂಕಿ ಸೊನ್ನೆ. ಕೆಲವರು ಸೊನ್ನೆ ಅಂತ ಸೊನ್ನೇನೇ ಒತ್ತಿರ್ತಾರೆ, ಕೆಲವು ಸಲ ಕನ್ವರ್ಟರ್ ಮಾಡಿರೋ ಕೆಲ್ಸ, ಸ್ಕ್ಯಾನ್ ಮಾಡಿ ಓಸಿಆರ್ (ಚಿತ್ರದಿಂದ ಅಕ್ಷರ ಓದೋ ಸಾಫ್ಟ್‌ವೇರ್) ಹಾಕಿದ್ರಲ್ಲೂ ಬರತ್ತೆ. ಕಂಪ್ಯೂಟರ್ ಲೆಕ್ಕದಲ್ಲಿ ಎರಡೂ ಬೇರೆ ಬೇರೆ ಪದ. ಸರ್ಚ್ ಇಂಜಿನ್ ಊಹೆ ಮಾಡಿ ಸರಿ ಮಾಡ್ಕೊಳ್ಳಲಿ ಅಂತ ಬಿಡೋ ಬದ್ಲು ಎಡಿಟರ್‌ನಲ್ಲಿ ಕಂಟ್ರೋಲ್ ಎಫ್ ಒತ್ತಿ ಅಂಕಿ ಸೊನ್ನೆ ಹುಡುಕಿ, ಪದದ ಮಧ್ಯ ಎಲ್ಲೆಲ್ಲಿದೆಯೋ ಅಲ್ಲೆಲ್ಲಾ ಬದಲಾಯಿಸಿ, ಐದು ನಿಮಿಷದ ಕೆಲ್ಸ. ಹಾಗೇ ರ‍್ಯಾಂಕ್, ರ‍್ಯಾಲಿ ಥರದ ಪದಗಳ ಒಳಗೆ ಕಣ್ಣಿಗೆ ಕಾಣದ ಒಂದು ಜಾಯಿನರ್ (ಅಕ್ಷರಗಳು ಹೇಗೆ ಕೂಡ್ಬೇಕು ಅಂತ ಹೇಳೋ ಸಂಕೇತ) ಕೂತಿರತ್ತೆ, ಅದಿಲ್ದಿದ್ರೆ ಅರ್ಕಾವತ್ತು ಬರತ್ತೆ. ಟೈಟಲ್‌ನಲ್ಲಿ ಅಂಥ ಪದ ಇದ್ರೆ ಇಡೀ ಸೈಟ್‌ನಲ್ಲಿ ಒಂದೇ ರೀತಿ ಬರೀರಿ, ಅಷ್ಟು ಸಾಕು.

ಈಗ ಏನು ಬರೀಬೇಕು ಅನ್ನೋದು. ಜನ ಯಾವ ಪದ ಹುಡುಕ್ತಾರೆ ಅಂತ ಪತ್ತೆ ಮಾಡೋಕೆ ಕೀವರ್ಡ್ ರಿಸರ್ಚ್ ಅಂತ ದೊಡ್ಡ ಟೂಲ್‌ಗಳಿವೆ, ತಿಂಗ್ಳಿಗೆ ದುಡ್ಡು ಕೊಡ್ಬೇಕು, ಕನ್ನಡದ ವಿಷಯಕ್ಕೆ ಬಂದ್ರೆ ಅಷ್ಟೇನೂ ಪ್ರಯೋಜನ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ನರ್ಸರಿ ಯಜಮಾನ್ರ ವಾಟ್ಸಾಪ್ ತೆಗೆದು ನೋಡಿ, ಅದಕ್ಕಿಂತ ಒಳ್ಳೇ ಟೂಲ್ ಇಲ್ಲ. ಜನ ಕೇಳಿರೋದು ಹಿಂಗಿರತ್ತೆ: ಮಂಗಳ (ಅಡಿಕೆ ತಳಿ) ಸಸಿ ಇದೆಯಾ ರೇಟ್ ಎಷ್ಟು, ಎಕರೆಗೆ ಎಷ್ಟು ಸಸಿ ಬೇಕಾಗತ್ತೆ, ಪಣಿಯೂರ್ (ಕಾಳುಮೆಣಸಿನ ತಳಿ) ಬಳ್ಳಿ ಅಡಿಕೆ ಮರಕ್ಕೆ ಹಬ್ಸಬಹುದಾ, ಎಲೆಚುಕ್ಕಿ ರೋಗ ಬಂದಿರೋ ತೋಟಕ್ಕೆ ಹೊಸ ಸಸಿ ಹಾಕ್ಬಹುದಾ. ಈ ಒಂದೊಂದು ಪ್ರಶ್ನೆನೂ ಒಂದೊಂದು ಪೇಜ್. ಇದ್ರ ಜೊತೆ ಗೂಗಲ್‌ನಲ್ಲಿ ಅಡಿಕೆ ಸಸಿ ಅಂತ ಟೈಪ್ ಮಾಡಿ ನಿಲ್ಲಿಸಿ, ಕೆಳಗೆ ಬರೋ ಸಲಹೆಗಳನ್ನ ನೋಡಿ. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಮತ್ತೊಂದ್ಸಲ ನೋಡಿ, ಯಾಕಂದ್ರೆ ನಮ್ ಜನ ಕನ್ನಡನ ಕನ್ನಡದಲ್ಲೂ ಹುಡುಕ್ತಾರೆ, ಕಂಗ್ಲಿಷ್‌ನಲ್ಲೂ ಹುಡುಕ್ತಾರೆ, ಎರಡರ ರಿಸಲ್ಟೂ ಬೇರೆ ಬೇರೆ ಬರತ್ತೆ.

ಪದದ ಆಯ್ಕೆಲಿ ಸ್ವಲ್ಪ ಊರುಕೇರಿ ಜ್ಞಾನ ಬೇಕು. ಒಬ್ರು ಕಾಳುಮೆಣಸು ಅಂದ್ರೆ ಇನ್ನೊಬ್ರು ಕರಿಮೆಣಸು ಅಂತಾರೆ, ತೋಟದೋರು ಬರೀ ಬಳ್ಳಿ ಅಂದುಬಿಡ್ತಾರೆ. ಕೊಳೆರೋಗಕ್ಕೆ ದಕ್ಷಿಣ ಕನ್ನಡದ ಕಡೆ ಮಹಾಳಿ ಅಂತಾನೂ ಅಂತಾರೆ. ಎಲ್ಲಾನೂ ಒಂದೇ ಸಾಲಲ್ಲಿ ತುರುಕ್ಬೇಡಿ, ಟೈಟಲ್‌ಗೆ ಒಂದು, ಒಳಗಡೆ ಮಾತಿನ ಓಘದಲ್ಲಿ ಇನ್ನೊಂದು ಬಂದ್ರೆ ಸಾಕು. ಇನ್ನೊಂದು ವಿಷ್ಯ, ಕನ್ನಡದಲ್ಲಿ ಪದಕ್ಕೆ ವಿಭಕ್ತಿ ಅಂಟ್ಕೊಂಡುಬಿಡತ್ತೆ, ಸಸಿಗಳನ್ನು, ಸಸಿಗಳಿಗಾಗಿ, ಸಸಿಯಿಂದ. ಹುಡುಕೋರು ಟೈಪ್ ಮಾಡೋದು ಬರೀ ಸಸಿ ಅಂತ. ಆದ್ರಿಂದ ಟೈಟಲ್‌ನಲ್ಲಿ, ಉಪಶೀರ್ಷಿಕೆಯಲ್ಲಿ ಆದಷ್ಟು ಬೋಳು ರೂಪನೇ ಇರೋ ಹಾಗೆ ವಾಕ್ಯ ಕಟ್ಟಿ. "ಉತ್ಕೃಷ್ಟ ಗುಣಮಟ್ಟದ ಅಡಿಕೆ ಸಸಿಗಳ ಸರಬರಾಜುದಾರರು" ಅಂತ ಯಾರೂ ಹುಡುಕಲ್ಲ, ಆ ಭಾಷೆ ಬೋರ್ಡ್‌ಗೆ ಸರಿ.

ಒಂದು ಪೇಜ್ ಪೂರ್ತಿ ಕಟ್ಟಿ ನೋಡೋಣ. ಪ್ರಶ್ನೆ: ಎಕರೆಗೆ ಎಷ್ಟು ಸಸಿ. ಟೈಟಲ್: "ಒಂದು ಎಕರೆಗೆ ಎಷ್ಟು ಅಡಿಕೆ ಸಸಿ ಬೇಕು? 9 ಅಡಿ ಅಂತರದ ಲೆಕ್ಕ". ಈ ಟೈಟಲ್ ಟ್ಯಾಗ್ ಇದೆಯಲ್ಲ, ಸರ್ಚ್ ರಿಸಲ್ಟ್‌ನಲ್ಲಿ ನೀಲಿ ಅಕ್ಷರದಲ್ಲಿ ಕಾಣೋದು ಸಾಮಾನ್ಯವಾಗಿ ಅದೇ, ಎಲ್ಲಾ ಪೇಜಿಗೂ "ಮುಖಪುಟ, ಇಂಥ ನರ್ಸರಿ" ಅಂತ ಒಂದೇ ಹಾಕಿ ಕೂತಿರೋ ಸೈಟ್‌ಗಳು ಲೆಕ್ಕ ಇಲ್ಲ. ಪೇಜಿನ ದೊಡ್ಡ ಹೆಡಿಂಗ್ ಕೂಡ ಅದೇ ಪ್ರಶ್ನೆ ಇರಲಿ, ಎಚ್1 ಟ್ಯಾಗ್‌ನಲ್ಲಿ (ಇದೇ ಪೇಜಿನ ಮುಖ್ಯ ತಲೆಬರಹ ಅಂತ ಕೋಡ್‌ನಲ್ಲಿ ಹೇಳೋ ಗುರುತು), ಸುಮ್ನೆ ದಪ್ಪಕ್ಷರ ಮಾಡಿ ಬಿಡೋದಲ್ಲ. ಮೊದಲ ಸಾಲಲ್ಲೇ ಉತ್ತರ: 9 ಅಡಿಗೆ 9 ಅಡಿ ಅಂತರ ಇಟ್ರೆ ಒಂದು ಸಸಿಗೆ 81 ಚದರ ಅಡಿ, ಎಕರೆ ಅಂದ್ರೆ 43,560 ಚದರ ಅಡಿ, ಭಾಗಿಸಿದ್ರೆ ಸುಮಾರು 537 ಸಸಿ. ಆಮೇಲೆ ಬಸಿಗಾಲುವೆ, ದಾರಿ, ಬಾವಿ ಕಟ್ಟೆ ಬಿಟ್ರೆ ಎಷ್ಟು ಕಮ್ಮಿ ಆಗತ್ತೆ, ಸಾಯೋ ಸಸಿಗೆ ಬದಲಿ ಹಾಕೋಕೆ ಎಷ್ಟು ಜಾಸ್ತಿ ತರ್ಬೇಕು, ನಿಮ್ ನರ್ಸರಿಲಿ ಎಷ್ಟು ವಯಸ್ಸಿನ ಸಸಿ ಕೊಡ್ತೀರಾ, ಅದ್ರ ಫೋಟೋ, ಈ ಸೀಸನ್ ರೇಟ್. ಕೆಳಗೆ ಫೋನ್ ನಂಬರ್, ಒತ್ತಿದ್ರೆ ಡಯಲ್ ಆಗೋ ಹಾಗೆ. "ಅಡಿಕೆಯು ಕರ್ನಾಟಕದ ಪ್ರಮುಖ ವಾಣಿಜ್ಯ ಬೆಳೆಯಾಗಿದ್ದು" ಅಂತ ಶುರು ಮಾಡ್ಬೇಡಿ ದಯವಿಟ್ಟು, ಓದೋನಿಗೆ ಅದು ಗೊತ್ತು, ಅವ್ನು ತೋಟದಲ್ಲೇ ನಿಂತಿರ್ತಾನೆ.

ಪಣಿಯೂರ್-1 ಬಗ್ಗೆ ಪೇಜ್ ಮಾಡಿದ್ರೆ ಅದು ಕೇರಳದ ಪಣಿಯೂರ್ ಸಂಶೋಧನಾ ಕೇಂದ್ರದಿಂದ ಬಂದ ಹೈಬ್ರಿಡ್ ತಳಿ ಅನ್ನೋದು ಎಲ್ಲಾ ಕಡೆ ಸಿಗತ್ತೆ. ದಟ್ಟ ನೆರಳಲ್ಲಿ ಅದು ಸರಿ ಬರಲ್ಲ, ಹಾಗಾಗಿ ನಮ್ ಕಡೆ ಯಾವ್ಯಾವ ಥರದ ತೋಟದಲ್ಲಿ ಹೆಂಗೆ ಬಂದಿದೆ ಅಂತ ನರ್ಸರಿಯೋರು ಬರೆದ್ರೆ ಅದು ಬೇರೆಲ್ಲೂ ಇಲ್ಲದ ಮಾಹಿತಿ. ಗೂಗಲ್ ಮೊದಲಿಂದ ಹೇಳ್ತಿರೋದೂ ಇಷ್ಟೇ, ಬೇರೆಯವರ ಹತ್ರ ಇಲ್ಲದ್ದು ನಿಮ್ ಹತ್ರ ಏನಿದೆ ಅನ್ನೋದು. ಎಐ ಹತ್ರ ಬರೆಸಿ ನೂರಾರು ಪೇಜ್ ಒಟ್ಟೊಟ್ಟಿಗೆ ಏರಿಸೋರಿದಾರೆ, ಓದೋರಿಗೆ ಏನೂ ಉಪಯೋಗ ಇಲ್ದೆ ರ‍್ಯಾಂಕ್‌ಗೋಸ್ಕರ ರಾಶಿ ಹಾಕೋದನ್ನ 2024ರ ಮಾರ್ಚ್‌ನಿಂದ ಗೂಗಲ್ ತನ್ನ ಸ್ಪ್ಯಾಮ್ ನಿಯಮದಲ್ಲೇ ಸೇರಿಸಿದೆ, ಮನುಷ್ಯ ಬರೆದಿದ್ರೂ ಅಷ್ಟೇ. ಸಾಗರದಲ್ಲಿ ಅಡಿಕೆ ಸಸಿ, ಸೊರಬದಲ್ಲಿ ಅಡಿಕೆ ಸಸಿ, ಹೊಸನಗರದಲ್ಲಿ ಅಡಿಕೆ ಸಸಿ ಅಂತ ಊರ ಹೆಸರು ಮಾತ್ರ ಬದಲಾಯಿಸಿ ಪೇಜ್ ಮಾಡೋದೂ ಅದೇ ಜಾತಿ, ಡೋರ್‌ವೇ ಪೇಜ್ ಅಂತಾರೆ, ಬೇಡ.

ಪೇಜಿನ ಅಡ್ರೆಸ್ ಅಂದ್ರೆ ಯುಆರ್‌ಎಲ್ ಕನ್ನಡದಲ್ಲಿ ಇರ್ಬೇಕಾ ಇಂಗ್ಲಿಷ್‌ನಲ್ಲಾ ಅಂತ ಜಗಳ ಇದೆ. ಕನ್ನಡ ಯುಆರ್‌ಎಲ್‌ನ ಗೂಗಲ್ ಚೆನ್ನಾಗಿಯೇ ಓದತ್ತೆ, ಅಭಿಮಾನಕ್ಕೆ ನಂದೂ ಕನ್ನಡಕ್ಕೇ ಓಟು. ತೊಂದ್ರೆ ಇರೋದು ಹಂಚ್ಕೊಳ್ಳುವಾಗ. ಒಂದೊಂದು ಕನ್ನಡ ಅಕ್ಷರಸಂಕೇತ ಯುಟಿಎಫ್-8ರಲ್ಲಿ (ಕಂಪ್ಯೂಟರ್ ಅಕ್ಷರ ಉಳಿಸಿಡೋ ರೀತಿ) 3 ಬೈಟ್, ಯುಆರ್‌ಎಲ್ ಒಳಗೆ ಪರ್ಸೆಂಟ್ ಚಿಹ್ನೆ ಸೇರಿ 9 ಅಕ್ಷರ ಆಗತ್ತೆ. ಕನ್ನಡ ಅನ್ನೋ ಪದದಲ್ಲಿ ಒತ್ತು ಕೂಡಿಸೋ ವಿರಾಮ ಚಿಹ್ನೆ (್) ಸೇರಿ 5 ಸಂಕೇತ, ಅಂದ್ರೆ 45 ಅಕ್ಷರ, ಒಂದೇ ಪದಕ್ಕೆ. ವಾಟ್ಸಾಪ್‌ನಲ್ಲಿ ಕಳಿಸಿದ್ರೆ ಎಷ್ಟೋ ಸಲ ಪರ್ಸೆಂಟ್ ಪರ್ಸೆಂಟ್ ಅಂತ ಅರ್ಧ ಸ್ಕ್ರೀನ್ ತುಂಬತ್ತೆ, ನೋಡ್ದೋರು ವೈರಸ್ ಅಂದ್ಕೊಂಡು ಒತ್ತಲ್ಲ. ವರ್ಡ್‌ಪ್ರೆಸ್‌ನಲ್ಲಿ ಸ್ಲಗ್‌ಗೆ (ಅಡ್ರೆಸ್‌ನ ಕೊನೇ ತುಂಡು) 200 ಅಕ್ಷರದ ಮಿತಿ ಬೇರೆ, ಕನ್ನಡದ ಲೆಕ್ಕದಲ್ಲಿ 22 ಸಂಕೇತ, ಉದ್ದ ಶೀರ್ಷಿಕೆ ಕೊಟ್ರೆ ಮಧ್ಯಕ್ಕೇ ಕತ್ತರಿಸತ್ತೆ. ಅದಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ, ಪದಗಳ ಮಧ್ಯ ಹೈಫನ್ ಹಾಕಿ ಇಟ್ಕೊಳ್ಳೋದು ವಾಸಿ. ಒಂದ್ಸಲ ಇಟ್ಮೇಲೆ ಬದಲಾಯಿಸ್ಬೇಡಿ, ಬದಲಾಯಿಸಲೇಬೇಕು ಅಂದ್ರೆ ಹಳೇದ್ರಿಂದ ಹೊಸದಕ್ಕೆ 301 ರೀಡೈರೆಕ್ಟ್ ಹಾಕಿ, ಹಳೇ ಅಡ್ರೆಸ್ ಒತ್ತಿದೋರು ತಾನಾಗೇ ಹೊಸದಕ್ಕೆ ಹೋಗೋ ಹಾಗೆ.

ಎರಡು ಭಾಷೆ ಸೈಟ್ ಬೇಕು ಅನ್ನೋರು ಕನ್ನಡಕ್ಕೊಂದು ಪೇಜ್, ಇಂಗ್ಲಿಷ್‌ಗೊಂದು ಪೇಜ್ ಬೇರೆ ಬೇರೆ ಅಡ್ರೆಸ್‌ನಲ್ಲಿ ಮಾಡಿ, ಹ್ರೆಫ್‌ಲ್ಯಾಂಗ್ (ಇದೇ ಪೇಜ್ ಬೇರೆ ಭಾಷೇಲಿ ಎಲ್ಲಿದೆ ಅಂತ ಗೂಗಲ್‌ಗೆ ಹೇಳೋ ಕೋಡ್) ಹಾಕಿ ಒಂದಕ್ಕೊಂದು ತೋರಿಸಿ, ಎರಡೂ ಕಡೆಯಿಂದ ತೋರಿಸ್ಬೇಕು, ಒಂದೇ ಕಡೆ ಇದ್ರೆ ಲೆಕ್ಕಕ್ಕೆ ತಗೊಳ್ಳಲ್ಲ. ಒಂದೇ ಪೇಜಲ್ಲಿ ಒಂದು ಪ್ಯಾರಾ ಕನ್ನಡ, ಕೆಳಗೆ ಅದ್ರದ್ದೇ ಇಂಗ್ಲಿಷ್ ಅನುವಾದ ಹಾಕೋ ಪದ್ಧತಿ ಬಿಡಿ. ಪೇಜ್ ಯಾವ ಭಾಷೇದು ಅಂತ ಗೂಗಲ್ ತೀರ್ಮಾನ ಮಾಡೋದು ಕಣ್ಣಿಗೆ ಕಾಣೋ ಪಠ್ಯ ನೋಡಿ, ಕೋಡ್‌ನಲ್ಲಿ ಹಾಕಿರೋ ಲ್ಯಾಂಗ್ ಟ್ಯಾಗ್ ನೋಡಿ ಅಲ್ಲ. ಆದ್ರೂ ಆ ಟ್ಯಾಗ್ ಹಾಕಿ, ಬ್ರೌಸರ್‌ಗೂ, ಕಣ್ಣು ಕಾಣದೋರು ಬಳಸೋ ಸ್ಕ್ರೀನ್ ರೀಡರ್‌ಗೂ ಬೇಕಾಗತ್ತೆ.

ಇನ್ನು ಸ್ಪೀಡು. ಮಲೆನಾಡಿನ ನೆಟ್‌ವರ್ಕ್ ಹೇಳ್ಬೇಕಾ, ಮಳೆಗಾಲದಲ್ಲಿ ಒಂದು ಕಡ್ಡಿ ಸಿಗ್ನಲ್ ಸಿಕ್ರೆ ಪುಣ್ಯ. ಗೂಗಲ್ ಅಳೆಯೋದು ಮೂರು ವಿಷ್ಯ, ಕೋರ್ ವೆಬ್ ವೈಟಲ್ಸ್ ಅಂತ. ಪೇಜಿನ ಮುಖ್ಯ ಭಾಗ 2.5 ಸೆಕೆಂಡ್ ಒಳಗೆ ಕಾಣ್ಬೇಕು, ಬಟನ್ ಒತ್ತಿದ್ರೆ 200 ಮಿಲಿಸೆಕೆಂಡ್ ಒಳಗೆ ಪ್ರತಿಕ್ರಿಯೆ ಬರ್ಬೇಕು (ಇದು 2024ರ ಮಾರ್ಚ್‌ನಲ್ಲಿ ಹೊಸದಾಗಿ ಸೇರಿದ್ದು), ಲೋಡ್ ಆಗ್ತಾ ಆಗ್ತಾ ಪಠ್ಯ ಮೇಲೆ ಕೆಳಗೆ ಜಿಗಿಬಾರದು, ಆ ಜಿಗಿತದ ಅಂಕ 0.1ಕ್ಕಿಂತ ಕಮ್ಮಿ ಇರ್ಬೇಕು. ಇದೊಂದ್ರಿಂದ್ಲೇ ಮೊದಲನೇ ಸ್ಥಾನ ಬರಲ್ಲ, ಒಳ್ಳೇ ಉತ್ತರ ಇರೋ ನಿಧಾನದ ಪೇಜು ಖಾಲಿ ಇರೋ ಫಾಸ್ಟ್ ಪೇಜನ್ನ ಹಿಂದೆ ಹಾಕತ್ತೆ, ಆದ್ರೆ ನಿಧಾನ ಆದ್ರೆ ಜನ ವಾಪಸ್ ಹೋಗ್ತಾರೆ, ಅದು ನೇರ ನಷ್ಟ.

ಕನ್ನಡದಲ್ಲಿ ಸ್ಪೀಡ್ ತಿನ್ನೋದು ಎರಡು, ಫಾಂಟು ಮತ್ತೆ ಫೋಟೋ. ಫಾಂಟ್ ವಿಷ್ಯಕ್ಕೆ ಬಂದ್ರೆ ಒತ್ತಕ್ಷರ, ಗುಣಿತಾಕ್ಷರ ಎಲ್ಲಾ ಸೇರಿ ಕನ್ನಡ ಫಾಂಟ್ ಫೈಲ್ ಇಂಗ್ಲಿಷ್‌ಗಿಂತ ದಪ್ಪ. ಹೆಡಿಂಗ್‌ಗೊಂದು ಬಾಡಿಗೊಂದು ಬಟನ್‌ಗೊಂದು ಅಂತ ಮೂರು ಫಾಂಟ್ ಹಾಕ್ಬೇಡಿ, ನೋಟೋ ಸ್ಯಾನ್ಸ್ ಕನ್ನಡ ಥರದ್ದು ಒಂದೇ ಸಾಕು, ವಾಫ್2 (ಫಾಂಟ್ ಫೈಲ್‌ನ ಕುಗ್ಗಿಸಿಟ್ಟ ರೂಪ) ರೂಪದಲ್ಲಿ, ಫಾಂಟ್ ಬರೋ ತನಕ ಫೋನಿನಲ್ಲಿರೋ ಕನ್ನಡ ಅಕ್ಷರದಲ್ಲೇ ತೋರಿಸೋ ಹಾಗೆ ಸ್ವಾಪ್ ಸೆಟ್ಟಿಂಗ್ ಹಾಕಿ. ನನ್ನ ಕೇಳಿದ್ರೆ ಚಿಕ್ಕ ಸೈಟ್‌ಗೆ ವೆಬ್ ಫಾಂಟೇ ಬೇಡ, ಈಗಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಕನ್ನಡ ಫಾಂಟ್ ಇದ್ದೇ ಇರತ್ತೆ. ಮತ್ತೆ ರೆಡಿಮೇಡ್ ಥೀಮ್‌ಗಳೆಲ್ಲ ಇಂಗ್ಲಿಷ್ ಅಳತೆಗೆ ಹೊಲ್ದಿರೋದು, ಸಾಲಿನ ಎತ್ತರ ಎಷ್ಟೋ ಸಲ 1.2 ಇರತ್ತೆ, ಅದ್ರಲ್ಲಿ ಸ್ತ್ರೀ, ಶಾಸ್ತ್ರ ಥರದ ಪದದ ಒತ್ತು ಕೆಳಗಿನ ಸಾಲಿನ ತಲೆ ಮೇಲೆ ಕೂರತ್ತೆ, ಬಟನ್ ಒಳಗೆ ಆದ್ರೆ ಒತ್ತೇ ಕಟ್ ಆಗತ್ತೆ. 1.6 ಅಥವಾ 1.7 ಮಾಡಿ, ಅಕ್ಷರಗಳ ಮಧ್ಯ ಜಾಗ ಬಿಡೋ ಲೆಟರ್ ಸ್ಪೇಸಿಂಗ್ ತೆಗೆದುಹಾಕಿ, ಕನ್ನಡಕ್ಕೆ ಅದು ಒಗ್ಗಲ್ಲ.

ಫೋಟೋ: ಫೋನಲ್ಲಿ ತೆಗೆದಿದ್ದನ್ನ ಹಂಗೇ 5 ಎಂಬಿ ಏರಿಸ್ತಾರೆ. ವೆಬ್‌ಪಿ (ಕಮ್ಮಿ ತೂಕದ ಫೋಟೋ ಫೈಲ್) ಮಾಡಿ, ಅಗಲ 1200 ಪಿಕ್ಸೆಲ್ ಸಾಕೇ ಸಾಕು, ಕೋಡ್‌ನಲ್ಲಿ ಅಗಲ ಎತ್ತರ ನಮೂದಿಸಿ (ಇದಿಲ್ದಿದ್ರೇನೇ ಪೇಜ್ ಜಿಗಿಯೋದು), ಕೆಳಗಡೆ ಫೋಟೋಗಳಿಗೆ ಲೇಜಿ ಲೋಡಿಂಗ್ (ಓದೋರು ಅಲ್ಲಿಗೆ ಬಂದಾಗ ಮಾತ್ರ ಫೋಟೋ ಲೋಡ್ ಆಗೋದು), ಮೇಲಿನ ಮೊದಲ ಫೋಟೋಗೆ ಮಾತ್ರ ಅದು ಬೇಡ. ಆಲ್ಟ್ ಪಠ್ಯದಲ್ಲಿ (ಫೋಟೋ ಏನು ಅಂತ ಕೋಡ್‌ನಲ್ಲಿ ಬರೆಯೋ ಸಾಲು) ಫೋಟೋದಲ್ಲಿ ಏನಿದೆಯೋ ಅದನ್ನ ಬರೀರಿ, "ಪಾಲಿಥೀನ್ ಚೀಲದಲ್ಲಿರೋ ಒಂದು ವರ್ಷದ ಮಂಗಳ ಅಡಿಕೆ ಸಸಿ" ಅಂತ. ಐದು ಫೋಟೋ ತಿರುಗೋ ಸ್ಲೈಡರ್ ಬಗ್ಗೆ ನಾನೇನೂ ಹೇಳಲ್ಲ, ಎರಡನೇ ಫೋಟೋ ಬರೋ ತನಕ ಕಾದು ನೋಡ್ದೋರು ಯಾರಾದ್ರೂ ಇದ್ರೆ ತೋರಿಸಿ.

ಡೆಸ್ಕ್‌ಟಾಪ್‌ನಲ್ಲಿ ಸೈಟ್ ಹೆಂಗೆ ಕಾಣತ್ತೆ ಅನ್ನೋದು ಈಗ ಎರಡನೇ ಮಾತು. 2024ರ ಜುಲೈ ನಂತರ ಗೂಗಲ್ ಎಲ್ಲಾ ಸೈಟ್‌ಗಳನ್ನೂ ಮೊಬೈಲ್ ಕ್ರಾಲರ್‌ನಿಂದ್ಲೇ (ಫೋನ್ ಥರ ಸೈಟ್ ಓದೋ ಪ್ರೋಗ್ರಾಂ) ನೋಡೋದು. ಮೊಬೈಲ್‌ನಲ್ಲಿ ಜಾಗ ಸಾಲಲ್ಲ ಅಂತ ಪಠ್ಯ ತೆಗೆದ್ರೆ ಗೂಗಲ್ ಪಾಲಿಗೆ ಆ ಪಠ್ಯ ಇಲ್ವೇ ಇಲ್ಲ.

ಟೆಕ್ನಿಕಲ್ ಭಾಗ ಬೇಗ ಮುಗಿಸ್ತೀನಿ. ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ಇರಲಿ. ವರ್ಡ್‌ಪ್ರೆಸ್ ಆದ್ರೆ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಒಳಗೆ ಸರ್ಚ್ ಇಂಜಿನ್‌ಗಳನ್ನ ತಡೆಯೋ ಒಂದು ಟಿಕ್ ಇದೆ, ಸೈಟ್ ಕಟ್ಟುವಾಗ ಹಾಕಿ ತೆಗೆಯೋಕೆ ಮರೆತಿರ್ತಾರೆ, "ನಮ್ಮ ಸೈಟ್ ಬರ್ತಾನೇ ಇಲ್ಲ" ಅಂದ್ರೆ ನಾನು ಮೊದ್ಲು ನೋಡೋದೇ ಅದನ್ನ. ಗೂಗಲ್ ಸರ್ಚ್ ಕನ್ಸೋಲ್ (ನಿಮ್ ಸೈಟ್ ಸರ್ಚ್‌ನಲ್ಲಿ ಹೆಂಗಿದೆ ಅಂತ ತೋರಿಸೋ ಗೂಗಲ್ ಟೂಲ್) ಉಚಿತ, ಅಲ್ಲಿ ಸೈಟ್ ನಿಮ್ದೇ ಅಂತ ದೃಢೀಕರಿಸಿ, ಸೈಟ್‌ಮ್ಯಾಪ್ (ಸೈಟ್‌ನ ಪೇಜ್‌ಗಳ ಪಟ್ಟಿ) ಕೊಡಿ, ಮುಖ್ಯ ಪೇಜ್‌ಗಳನ್ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಹಾಕಿ ಇಂಡೆಕ್ಸ್ ಆಗಿದೆಯಾ (ಗೂಗಲ್ ಪಟ್ಟಿಗೆ ಸೇರಿದೆಯಾ) ನೋಡಿ. ಪ್ರತಿ ಪೇಜಿಗೂ ಸೈಟ್ ಒಳಗಿನ ಬೇರೆ ಪೇಜಿಂದ ಲಿಂಕ್ ಇರ್ಬೇಕು, ಲಿಂಕ್‌ನ ಅಕ್ಷರ "ಇಲ್ಲಿ ಕ್ಲಿಕ್ ಮಾಡಿ" ಅಂತ ಬೇಡ, "ಕಾಳುಮೆಣಸು ಬಳ್ಳಿ ರೇಟ್" ಅಂತ ಇರಲಿ. ಮೆಟಾ ಕೀವರ್ಡ್ಸ್ ಟ್ಯಾಗ್‌ನಲ್ಲಿ (ಕಣ್ಣಿಗೆ ಕಾಣದೇ ಕೋಡ್‌ನಲ್ಲಿರೋ ಪದಗಳ ಪಟ್ಟಿ) ಐವತ್ತು ಪದ ತುಂಬಿ ಬಿಲ್ ಮಾಡೋರಿದಾರೆ, ಅದನ್ನ ರ‍್ಯಾಂಕಿಂಗ್‌ಗೆ ನೋಡಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಮೆಟಾ ಡಿಸ್ಕ್ರಿಪ್ಷನ್ (ರಿಸಲ್ಟ್‌ನಲ್ಲಿ ಟೈಟಲ್ ಕೆಳಗೆ ಕಾಣಬಹುದಾದ ಪುಟ್ಟ ವಿವರಣೆ) ಬರೀರಿ, ರ‍್ಯಾಂಕ್‌ಗೆ ಅಲ್ಲ, ನೋಡ್ದೋರು ಒತ್ತಲಿ ಅಂತ.

ನರ್ಸರಿ ಥರ ಜಾಗಕ್ಕೆ ಬಂದು ತಗೊಳ್ಳೋ ವ್ಯಾಪಾರಕ್ಕೆ ವೆಬ್‌ಸೈಟ್‌ನಷ್ಟೇ ಮುಖ್ಯ ಗೂಗಲ್ ಬಿಸಿನೆಸ್ ಪ್ರೊಫೈಲ್, ಮ್ಯಾಪ್‌ನಲ್ಲಿ ಕಾಣೋದು ಅದೇ. ಹೆಸರು, ವಿಳಾಸ, ಫೋನ್ ಸೈಟ್‌ನಲ್ಲಿರೋ ಹಾಗೇ ಅಲ್ಲೂ ಇರಲಿ, ಪಿನ್ ಸರಿಯಾದ ಗೇಟಿನ ಮೇಲೆ ಇರಲಿ, ನಮ್ ಕಡೆ ಪಿನ್ ಒಂದು ತೋಟ ಆಚೆ ಬಿದ್ರೆ ಸುತ್ತು ಹಾಕ್ಬೇಕಾಗೋದು ಗುಡ್ಡ. ಸಸಿ ತಗೊಂಡು ಹೋದೋರಿಗೆ ರಿವ್ಯೂ ಬರೀರಿ ಅಂತ ಕೇಳಿ, ಕನ್ನಡದಲ್ಲೇ ಬರೀಲಿ, ಆದ್ರೆ ರಿವ್ಯೂಗೆ ಡಿಸ್ಕೌಂಟ್ ಕೊಡ್ತೀನಿ ಅನ್ನೋದು ನಿಯಮಕ್ಕೆ ವಿರುದ್ಧ.

ಬೇರೆ ಸೈಟ್‌ಗಳಿಂದ ಬರೋ ಲಿಂಕ್‌ಗೆ ಇವತ್ತಿಗೂ ಬೆಲೆ ಇದೆ, 1998ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಪೇಜ್‌ರ‍್ಯಾಂಕ್ (ಲಿಂಕ್ ನೋಡಿ ಪೇಜಿನ ಮಹತ್ವ ಅಳೆಯೋ ಲೆಕ್ಕ) ಬರೆದಾಗಿಂದ ಗೂಗಲ್‌ನ ಬೇರು ಅದೇ. ದುಡ್ಡು ಕೊಟ್ಟು ಲಿಂಕ್ ತಗೊಳ್ಳೋದು ಬೇಡ, 2012ರಲ್ಲಿ ಗೂಗಲ್‌ನ ಪೆಂಗ್ವಿನ್ ಅಪ್‌ಡೇಟ್ ಬಂದಿದ್ದೇ ಅಂಥೋರನ್ನ ಹಿಡಿಯೋಕೆ. ಮೇಲೆ ಹೇಳಿದ ಎಕರೆ ಲೆಕ್ಕದ ಪೇಜ್ ನಿಜಕ್ಕೂ ಉಪಯೋಗ ಇದ್ರೆ ರೈತರ ಗುಂಪುಗಳಲ್ಲಿ ಹಂಚ್ಕೋತಾರೆ, ಕೃಷಿ ಬಗ್ಗೆ ಬರೆಯೋರು ಲಿಂಕ್ ಕೊಡ್ತಾರೆ, ನಿಧಾನಕ್ಕೆ ಆಗೋ ಕೆಲ್ಸ. "ಮೊದಲ ಸ್ಥಾನ ಗ್ಯಾರಂಟಿ" ಅಂತ ಫೋನ್ ಬಂದ್ರೆ ಕಟ್ ಮಾಡಿ, ಅಂಥ ಗ್ಯಾರಂಟಿ ಯಾರೂ ಕೊಡೋಕಾಗಲ್ಲ ಅಂತ ಗೂಗಲ್ಲೇ ಬರೆದಿಟ್ಟಿದೆ.

ಒಂದು ಎರಡ್ಮೂರು ತಿಂಗ್ಳಾದ್ಮೇಲೆ ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ರಿಪೋರ್ಟ್ ತೆಗೀರಿ. ಅಲ್ಲಿ ಜನ ಯಾವ ಪದ ಹುಡುಕಿದಾಗ ನಿಮ್ ಪೇಜ್ ಕಂಡಿದೆ, ಎಷ್ಟು ಜನ ಒತ್ತಿದಾರೆ, ಸರಾಸರಿ ಎಷ್ಟನೇ ಜಾಗ ಅಂತ ಇರತ್ತೆ. ನೋಡ್ಬೇಕಾದ್ದು 8ರಿಂದ 20ನೇ ಜಾಗದಲ್ಲಿ ನಿಂತಿರೋ ಪದಗಳನ್ನ. ಅಲ್ಲಿ "ಅಪ್ಪೆಮಿಡಿ ಕಸಿ ಗಿಡ ಯಾವಾಗ ಫಲ ಕೊಡತ್ತೆ" ಅನ್ನೋ ಥರದ್ದು ಸಿಕ್ಕಿ, ನಿಮ್ ಪೇಜಲ್ಲಿ ಅದಕ್ಕೆ ಉತ್ತರ ಇಲ್ಲ ಅಂದ್ರೆ ಒಂದು ಉಪಶೀರ್ಷಿಕೆ ಹಾಕಿ ನಾಲ್ಕು ಸಾಲು ಬರೀರಿ. ಜಾಗ ಚೆನ್ನಾಗಿದ್ದೂ ಯಾರೂ ಒತ್ತಿಲ್ಲ ಅಂದ್ರೆ ಟೈಟಲ್ ಬದಲಾಯಿಸಿ ಒಂದೆರಡು ವಾರ ಬಿಟ್ಟು ನೋಡಿ. ರೇಟ್ ಪಟ್ಟಿ ಪ್ರತಿ ಮಳೆಗಾಲದ ಮುಂಚೆ ಸರಿ ಮಾಡಿ, ಹೋದ ವರ್ಷದ ರೇಟ್ ನೋಡಿ ಬಂದೋರ ಜೊತೆ ಗೇಟಲ್ಲಿ ಜಗಳ ಬೇಡ. ಮತ್ತೆ ಡೊಮೈನ್, ಹೋಸ್ಟಿಂಗ್, ಸರ್ಚ್ ಕನ್ಸೋಲ್ ಮೂರರದ್ದೂ ಲಾಗಿನ್ ನಿಮ್ ಹೆಸರಲ್ಲಿ, ನಿಮ್ ಇಮೇಲ್‌ನಲ್ಲೇ ಇರಲಿ, ಸೈಟ್ ಮಾಡ್ಕೊಟ್ಟ ಹುಡುಗನ ಇಮೇಲ್‌ನಲ್ಲಿ ಅಲ್ಲ, ಅವ್ನು ಬೆಂಗಳೂರಿಗೆ ಕೆಲ್ಸಕ್ಕೆ ಹೋಗಿ ನಂಬರ್ ಬದಲಾಯಿಸಿದ ದಿನವೇ ರಿನೀವಲ್ ನೋಟಿಸ್ ಬರತ್ತೆ.